ಓದಿದ ವಿಶ್ವವಿದ್ಯಾಲಯಕ್ಕೆ ಉಯಿಲಿನಲ್ಲಿ ದುಡ್ಡು ಬಿಡಬೇಕೆಂದರೆ

"ನನಗೆ ಮಕ್ಕಳಿಲ್ಲ. ನನ್ನ ಕಾಲಾನಂತರ ಆಸ್ತಿಯಲ್ಲಿ ಒಂದು ಭಾಗ ನಾನು ಓದಿದ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಉಯಿಲಿನಲ್ಲಿ ಒಂದು ಸಾಲು ಬರೆದರೆ ಸಾಕಾ?" ಎಂದು ಕೇಳಿದ್ದೀರಿ. ಸಾಲದು. ಬರೆಯುವ ಮೊದಲು ವಿಶ್ವವಿದ್ಯಾಲಯದವರ ಜೊತೆ ಕೂತು ಮಾತಾಡಿ.

ಯಾಕೆ ಹೇಳ್ತೀನಿ ಅಂದರೆ, ನಮ್ಮ ಚಿಕ್ಕಮ್ಮನ ಉಯಿಲು ಜಾರಿ ಮಾಡುವ ಹೊಣೆ ನನ್ನ ಮೇಲಿತ್ತು. ಒಂದೇ ಹಾಳೆ, ನೀಲಿ ಶಾಯಿ, ಅವರದೇ ದುಂಡು ಅಕ್ಷರ. ಸಸ್ಯಶಾಸ್ತ್ರ ವಿಭಾಗದಲ್ಲಿ ಮೊದಲು ಬಂದವರಿಗೆ ಚಿನ್ನದ ಪದಕ ಕೊಡಬೇಕು ಎಂದಿತ್ತು. 'ಪದಕ'ದ ಕೆಳಗೆ ಎರಡು ಗೆರೆ. ಅವರು ತೀರಿಕೊಳ್ಳುವ ಹೊತ್ತಿಗೆ ಆ ವಿಭಾಗವೇ ಇರಲಿಲ್ಲ, ಬೇರೊಂದರ ಜೊತೆ ಸೇರಿಹೋಗಿತ್ತು. ಹಾಗಾದರೆ ಏನು ಮಾಡಬೇಕು ಅಂತ ಉಯಿಲಿನಲ್ಲಿ ಒಂದು ಮಾತೂ ಇಲ್ಲ. ದುಡ್ಡು ಎರಡು ವರ್ಷ ಸುಮ್ನೆ ಬಿದ್ದಿತ್ತು.

ಅದೇ ಲಕೋಟೆಯಲ್ಲಿ ಮಡಿಕೆಯ ಹತ್ತಿರ ಹರಿದ ಒಂದು ಹಳೇ ಫೀಸಿನ ರಸೀದಿ ಇತ್ತು. ಹಿಂಬದಿಯಲ್ಲಿ, "ಇದನ್ನು ಕಟ್ಟಿದ್ದು ನಮ್ಮ ಮೇಷ್ಟ್ರು" ಎಂದು ಬರೆದಿಟ್ಟಿದ್ದರು. ಅದನ್ನು ಓದಿ ನನಗೆ ತುಂಬಾ ಸಂಕಟವಾಯಿತು. ಅವರ ಮನಸ್ಸಿನಲ್ಲಿದ್ದದ್ದು ಪದಕವೋ, ಫೀಸು ಕಟ್ಟಲಾಗದ ಒಂದು ಮಗುವೋ? ಕೇಳೋಣ ಅಂದರೆ ಅವರೇ ಇಲ್ಲ.

ದೊಡ್ಡವರಿಗೂ ಹೀಗಾಗಿದೆ. ಆಲ್ಫ್ರೆಡ್ ನೊಬೆಲ್ 1895ರಲ್ಲಿ ವಕೀಲರ ನೆರವಿಲ್ಲದೆ ಉಯಿಲು ಬರೆದರು. ವೈದ್ಯಕೀಯ ಬಹುಮಾನ ಕೊಡುವ ಕೆಲಸವನ್ನು ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಗೆ ವಹಿಸಿದರು, ಆದರೆ ಅವರನ್ನು ಮೊದಲು ಕೇಳಿರಲಿಲ್ಲ. 1896ರಲ್ಲಿ ನೊಬೆಲ್ ತೀರಿಕೊಂಡರು. ನೆಂಟರ ತಕರಾರು, ಸಂಸ್ಥೆಗಳ ಜೊತೆ ಮಾತುಕತೆ ಎಲ್ಲ ಮುಗಿದು ಮೊದಲ ಬಹುಮಾನ ಕೊಟ್ಟಿದ್ದು 1901ರಲ್ಲಿ.

ಷರತ್ತು ತೀರಾ ಬಿಗಿಯಾದರೂ ತೊಂದರೆಯೇ. 1902ರಲ್ಲಿ ತೀರಿಕೊಂಡ ಗಣಿ ಉದ್ಯಮಿ ಸೆಸಿಲ್ ರೋಡ್ಸ್ ಆಕ್ಸ್‌ಫರ್ಡ್‌ನಲ್ಲಿ ಓದಲು ಬಿಟ್ಟುಹೋದ ವಿದ್ಯಾರ್ಥಿವೇತನ ಗಂಡಸರಿಗೆ ಮಾತ್ರ ಇತ್ತು. ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದಿದ್ದು 1977ರಲ್ಲಿ, ಅದೂ ಬ್ರಿಟನ್ನಿನ ಪಾರ್ಲಿಮೆಂಟು ಕಾನೂನು ಬದಲಿಸಿದ ಮೇಲೆ. ಹಾಗಾಗಿ ನಿಮ್ಮ ಆಸೆಯನ್ನು ಬರೆಯಿರಿ, ಜೊತೆಗೆ "ಇದು ಸಾಧ್ಯವಾಗದಿದ್ದರೆ ಇದಕ್ಕೆ ಹತ್ತಿರದ ಕೆಲಸಕ್ಕೆ ಬಳಸಬಹುದು" ಎಂಬ ಸಾಲನ್ನೂ ಸೇರಿಸಿ. ಚಿಕ್ಕಮ್ಮನ ಹಾಳೆಯಲ್ಲಿ ಇಲ್ಲದೇ ಹೋಗಿದ್ದು ಅದೊಂದೇ ಸಾಲು.

ಇನ್ನು ಎಷ್ಟು ಬಿಡುವುದು? ಇಂತಿಷ್ಟೇ ಮೊತ್ತ ಎಂದು ಬರೆಯುವುದಕ್ಕಿಂತ ಪಾಲು ಹೇಳುವುದು ವಾಸಿ. ಜಾನ್ ಹಾರ್ವರ್ಡ್ 1638ರಲ್ಲಿ ಆಗಿನ್ನೂ ಹೊಸದಾಗಿದ್ದ, ಮುಂದೆ ಅವರ ಹೆಸರನ್ನೇ ಪಡೆದ ಕಾಲೇಜಿಗೆ ಬಿಟ್ಟಿದ್ದು ಆಸ್ತಿಯ ಅರ್ಧ ಮತ್ತು ಸುಮಾರು 400 ಪುಸ್ತಕ. ಕೊನೆಗಾಲದಲ್ಲಿ ಆಸ್ಪತ್ರೆ ಖರ್ಚು ಜಾಸ್ತಿಯಾಗಿ ಆಸ್ತಿ ಕರಗಿತು ಅಂದುಕೊಳ್ಳಿ. ಮೊತ್ತ ಬರೆದಿದ್ದರೆ ಅದನ್ನು ಕೊಟ್ಟ ಮೇಲೆ ಮನೆಯವರಿಗೆ ಏನೂ ಉಳಿಯದೇ ಹೋಗಬಹುದು. "ಸಾಲ, ಖರ್ಚು ಕಳೆದು ಉಳಿದದ್ದರಲ್ಲಿ ಹತ್ತನೇ ಒಂದು ಪಾಲು" ಎಂದು ಬರೆದರೆ ಎಲ್ಲರಿಗೂ ಅಳತೆಗೆ ತಕ್ಕಷ್ಟು ಸಿಗುತ್ತದೆ ಅಲ್ವಾ?

ನಿಮ್ಮ ಹೆಸರಿನಲ್ಲೇ ದತ್ತಿನಿಧಿ ಬೇಕು ಅಂದರೆ ಒಂದು ವಿಷಯ ನೆನಪಿರಲಿ. ಅಲ್ಲಿ ಅಸಲನ್ನು ಮುಟ್ಟದೆ, ಅದರಿಂದ ಬರುವ ಆದಾಯವನ್ನಷ್ಟೇ ಖರ್ಚು ಮಾಡುತ್ತಾರೆ. ಅದಕ್ಕೇ ಬಹಳ ಕಡೆ ಕನಿಷ್ಠ ಮೊತ್ತ ಇರುತ್ತದೆ. ಅಷ್ಟು ಆಗದಿದ್ದರೆ ಈಗಾಗಲೇ ಇರುವ ವಿದ್ಯಾರ್ಥಿವೇತನ ನಿಧಿಗೆ ಸೇರಿಸಿ. ನನ್ನ ಕೇಳಿದರೆ, ಸಣ್ಣ ದುಡ್ಡಿಗೆ ಅದೇ ಒಳ್ಳೆಯ ದಾರಿ.

ವಿಶ್ವವಿದ್ಯಾಲಯದ ಕಾನೂನುಬದ್ಧ ಹೆಸರನ್ನು ಅವರಿಂದಲೇ ಬರೆಸಿಕೊಳ್ಳಿ. ವಿಮೆ, ನಿವೃತ್ತಿ ಖಾತೆಗಳಲ್ಲಿ ನೀವು ಹಿಂದೆ ಯಾರ ಹೆಸರು ಕೊಟ್ಟಿದ್ದೀರಿ ನೋಡಿ. ಎಷ್ಟೋ ಕಡೆ ಆ ದುಡ್ಡು ಉಯಿಲಿನ ಪ್ರಕಾರ ಹೋಗುವುದಿಲ್ಲ. ಕೆಲವು ದೇಶಗಳಲ್ಲಿ ಹತ್ತಿರದ ವಾರಸುದಾರರಿಗೆ ಇಷ್ಟು ಪಾಲು ಕೊಡಲೇಬೇಕು ಎಂಬ ಕಾನೂನೂ ಇದೆ. ಇವೆರಡನ್ನೂ ವಕೀಲರ ಹತ್ತಿರ ಕೇಳಿ.

ಮತ್ತೆ, ಯಾಕೆ ಕೊಡುತ್ತಿದ್ದೀರಿ ಎಂದು ಬೇರೊಂದು ಹಾಳೆಯಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಒಂದು ಪ್ರತಿ ವಿಶ್ವವಿದ್ಯಾಲಯಕ್ಕೆ, ಒಂದು ಪ್ರತಿ ಉಯಿಲು ಜಾರಿ ಮಾಡುವವರ ಕೈಗೆ. ಈಗಲೇ ಕೊಡಿ.