ಜೇಬಿನಲ್ಲೊಂದು ಬಿಟ್‌ಕಾಯಿನ್ ನೋಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ತೆ ಸಾರ್. ಬಿಟ್‌ಕಾಯಿನ್ ನೋಡ್, ಅಂದರೆ ಬಿಟ್‌ಕಾಯಿನ್‌ನ ಲೆಕ್ಕವನ್ನೆಲ್ಲ ತಾನೇ ಪರೀಕ್ಷಿಸುವ ಕಂಪ್ಯೂಟರ್, ಓಡಿಸಿ ನೋಡುವ ಆಸೆ. ಲ್ಯಾಪ್‌ಟಾಪ್‌ನಲ್ಲಿ ಇರುವುದೇ 512 ಜಿಬಿ. ಅದಕ್ಕೇ ನೋಡ್ ಓಡಿಸುವ ಪ್ರೋಗ್ರಾಂ ಬಿಟ್‌ಕಾಯಿನ್ ಕೋರ್‌ನ ಡೇಟಾ ಎಲ್ಲ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿದೆ. ಶುರುವಿನಲ್ಲಿ ಜೋರಾಗಿ ಓಡಿತು. ಈಗ ಮೂರು ವಾರ ಆಯ್ತು, ಅರ್ಧ ದಾಟಿದ ಮೇಲೆ ತೆವಳುತ್ತಿದೆ. ಹಾಸ್ಟೆಲ್ ನೆಟ್ ಚೆನ್ನಾಗಿಯೇ ಇದೆ. ರಜೆಗೆ ಊರಿಗೆ ಹೋದಾಗ ಇದೇ ಡ್ರೈವ್ ಅನ್ನು ಮನೆಯ ಕಂಪ್ಯೂಟರ್‌ಗೆ ಹಾಕಿ ಓಡಿಸಬಹುದಾ?
ಎಂಸಿಎ ವಿದ್ಯಾರ್ಥಿ, ಧಾರವಾಡ

ಉತ್ತರ: ಓಡಿಸಬಹುದು. ಆದರೆ ಈ ಡಿಸ್ಕ್‌ನಲ್ಲಿ ಬೇಡ. ಡ್ರೈವ್ ಮೇಲೆ ಕಿವಿಯಿಟ್ಟು ಕೇಳಿ. ಒಂದೇ ಸಮ ಕಟಕಟ ಅನ್ನುತ್ತಿದೆ ಅಲ್ವಾ? ನಿಮ್ಮ ಮೂರು ವಾರ ಹೋಗಿದ್ದು ಅಲ್ಲಿಯೇ.

ನೋಡ್ ಅಂದರೆ ಸುಮ್ನೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವ ಕೆಲಸವಲ್ಲ. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ (ಬ್ಲಾಕ್ ಅಂದರೆ ವಹಿವಾಟುಗಳ ಒಂದು ಕಂತೆ) ಹಿಡಿದು ಇವತ್ತಿನವರೆಗಿನ ಒಂದೊಂದು ವಹಿವಾಟನ್ನೂ ಅದು ತಾನೇ ಲೆಕ್ಕ ಹಾಕುತ್ತಾ ಬರುತ್ತದೆ. ಯಾರೋ ನಾಣ್ಯ ಕಳಿಸಿದ್ದಾರೆ ಎಂದರೆ, ಆ ನಾಣ್ಯ ಅವರ ಹತ್ತಿರ ಇತ್ತಾ, ಆಗಲೇ ಖರ್ಚಾಗಿ ಹೋಗಿತ್ತಾ ಎಂದು ನೋಡಬೇಕು. ಅದಕ್ಕೆ ಖರ್ಚಾಗದೆ ಉಳಿದ ನಾಣ್ಯಗಳ ಪಟ್ಟಿಯೊಂದಿದೆ. ‘ಚೈನ್‌ಸ್ಟೇಟ್’ ಎಂಬ ಫೋಲ್ಡರ್‌ನಲ್ಲಿ ಇರುವುದು ಅದೇ. ಈಗ ಅದು 10 ಜಿಬಿ ದಾಟಿದೆ. ಮೊದಲ ವರ್ಷಗಳಲ್ಲಿ ವಹಿವಾಟು ಕಡಿಮೆ, ಪಟ್ಟಿಯೂ ಚಿಕ್ಕದು. ಎಲ್ಲ ರ‍್ಯಾಮ್‌ನಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ನಿಮಗೆ ಶುರುವಿನಲ್ಲಿ ಜೋರು ಕಂಡಿದ್ದು. ಮುಂದೆ ಪಟ್ಟಿ ರ‍್ಯಾಮ್‌ನಲ್ಲಿ ಹಿಡಿಸುವುದಿಲ್ಲ. ಆಗ ಪ್ರತಿಯೊಂದಕ್ಕೂ ಡಿಸ್ಕ್‌ನ ಮೂಲೆಮೂಲೆ ತಡಕಾಡಬೇಕು. ತಿರುಗುವ ಡಿಸ್ಕ್ ಒಂದು ಸೆಕೆಂಡಿಗೆ ಹೀಗೆ ನೂರಿನ್ನೂರು ಸಲ ಹುಡುಕಿದರೆ ದೊಡ್ಡದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಸಾವಿರಗಟ್ಟಲೆ ಸಲ ಹುಡುಕುತ್ತದೆ. ನೆಟ್ ಎಷ್ಟೇ ಜೋರಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ.

ಜಾಗದ ಮಾತೂ ಇದೆ. ಪೂರ್ತಿ ಬ್ಲಾಕ್‌ಚೈನ್, ಅಂದರೆ ಎಲ್ಲ ಬ್ಲಾಕ್‌ಗಳ ಸರಪಳಿ, ಈಗ 700 ಜಿಬಿ ಆಸುಪಾಸಿನಲ್ಲಿದೆ. ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 144. ಒಂದೊಂದೂ ಸರಾಸರಿ ಒಂದೂವರೆ ಎಂಬಿ ಮೇಲೇ ಇರುತ್ತದೆ. ವರ್ಷಕ್ಕೆ 80 ಜಿಬಿ ಸೇರಿತು ಎಂದುಕೊಳ್ಳಿ. ಜೊತೆಗೆ ಚೈನ್‌ಸ್ಟೇಟ್, ಬ್ಲಾಕ್ ಹಿಂದೆಗೆಯಲು ಬೇಕಾದ ‘ರೆವ್’ ಫೈಲುಗಳು ಬೇರೆ. 1 ಟಿಬಿ ಡ್ರೈವ್ ಇನ್ನು ಸ್ವಲ್ಪ ದಿನಕ್ಕೇ ಬಿಗಿಯಾಗುತ್ತದೆ. ಹೊಸದು ತಗೊಳ್ಳುವುದೇ ಆದರೆ 2 ಟಿಬಿ ಎಸ್‌ಎಸ್‌ಡಿ ತಗೊಳ್ಳಿ. ನನ್ನ ಅಂಗಡಿಯಲ್ಲಿ ಓಡುತ್ತಿರುವುದೂ ಅಂಥದ್ದೇ. ಹಳೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಬಿಲ್ ಪುಸ್ತಕದ ಪಕ್ಕ ಇಟ್ಟಿದ್ದೇನೆ. ನೋಡಿದವರು ಸಿಸಿಟಿವಿದು ಅಂದುಕೊಳ್ಳುತ್ತಾರೆ.

ಅಷ್ಟು ದುಡ್ಡು ಹಾಕುವುದು ಕಷ್ಟ ಎಂದರೆ ‘ಪ್ರೂನ್’ ಮಾಡಿ. ಬಿಟ್‌ಕಾಯಿನ್ ಕೋರ್ ಮೊದಲ ಸಲ ತೆರೆದಾಗ ಎಷ್ಟು ಜಾಗ ಬಳಸಲಿ ಎಂದು ಅದೇ ಕೇಳುತ್ತದೆ. ಬ್ಲಾಕ್ ಫೈಲುಗಳನ್ನು 550 ಎಂಬಿವರೆಗೂ ಇಳಿಸಬಹುದು. ಪರೀಕ್ಷೆ ಎಲ್ಲ ಅಷ್ಟೇ ಪೂರ್ತಿ ನಡೆಯುತ್ತದೆ, ಮುಗಿದ ಹಳೇ ಬ್ಲಾಕ್‌ಗಳನ್ನು ಅಳಿಸುತ್ತಾ ಹೋಗುತ್ತದೆ. ಚೈನ್‌ಸ್ಟೇಟ್ ಮಾತ್ರ ಪೂರ್ತಿ ಇರಲೇಬೇಕು. ಹೀಗಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಆರಾಮಾಗಿ ಹಿಡಿಸುತ್ತದೆ, ಹೊರಗಿನ ಡ್ರೈವ್ ಬೇಕಾಗಿಯೇ ಇಲ್ಲ. ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಒಂದು ಕೊರತೆ ಇದೆ: ಯಾವತ್ತೋ ಮಾಡಿದ ಹಳೇ ವ್ಯಾಲೆಟ್ (ನಾಣ್ಯದ ಕೀಲಿಗಳಿರುವ ಫೈಲ್) ತಂದು ಅದರ ಚರಿತ್ರೆ ಹುಡುಕಿಸಬೇಕೆಂದರೆ ಅಳಿಸಿದ ಬ್ಲಾಕ್‌ಗಳನ್ನು ಮತ್ತೆ ಇಳಿಸಬೇಕು. ಇನ್ನೊಂದು, ಪ್ರೂನ್ ಮಾಡಿದರೂ ಮೊದಲ ಸಲ ಅಷ್ಟೂ 700 ಜಿಬಿ ನೆಟ್‌ನಲ್ಲಿ ಇಳಿಯಲೇಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡರೆ ವರ್ಷ ಬೇಕು. ಅಷ್ಟರಲ್ಲಿ ಇನ್ನೂ 80 ಜಿಬಿ ಬೆಳೆದಿರುತ್ತದೆ!

ಇನ್ನು ಎರಡು ಕಡೆ ಓಡಿಸುವ ವಿಷಯ. ಹಾಸ್ಟೆಲ್‌ನಲ್ಲಿ ಡ್ರೈವ್‌ಗೆ ‘ಇ’ ಅಕ್ಷರ ಬಂದಿರುತ್ತದೆ, ಮನೆಯಲ್ಲಿ ‘ಎಫ್’. ಬಿಟ್‌ಕಾಯಿನ್ ಕೋರ್ ತಾನು ನೆನಪಿಟ್ಟ ಫೋಲ್ಡರ್ ಸಿಗದಿದ್ದರೆ, ಡೇಟಾ ಎಲ್ಲಿಡಲಿ ಎಂಬ ಮೊದಲ ದಿನದ ಕಿಟಕಿಯನ್ನೇ ಮತ್ತೆ ತೋರಿಸುತ್ತದೆ. ನೋಡದೆ ಓಕೆ ಒತ್ತಿದಿರೋ, ಬೇರೆ ಕಡೆ 2009ರಿಂದ ಶುರುವಾಗಿಬಿಡಬಹುದು. ಎರಡೂ ಕಂಪ್ಯೂಟರ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಆ ಡ್ರೈವ್‌ಗೆ ಒಂದೇ ಅಕ್ಷರ ಕೊಟ್ಟುಬಿಡಿ. ನಾನು ‘ಎನ್’ ಕೊಡುತ್ತೇನೆ, ಅಲ್ಲಿತನಕ ಬೇರೆ ಡ್ರೈವ್ ಬರುವುದು ಕಡಿಮೆ. ಪ್ರೋಗ್ರಾಂ ಕೂಡ ಇನ್‌ಸ್ಟಾಲ್ ಮಾಡದೆ ಜಿಪ್ ಫೈಲ್ ಇಳಿಸಿ ಡ್ರೈವ್‌ನಲ್ಲೇ ಬಿಚ್ಚಿಟ್ಟುಕೊಳ್ಳಿ. ಆಗ ಎರಡೂ ಕಡೆ ಒಂದೇ ವರ್ಷನ್ ಓಡುತ್ತದೆ.

ಒಂದು ವಾರ ಬ್ಯಾಗ್‌ನಲ್ಲೇ ಇದ್ದರೂ ತೊಂದರೆಯಿಲ್ಲ. ಮತ್ತೆ ಸಿಕ್ಕಿಸಿದಾಗ ತಪ್ಪಿದ ಬ್ಲಾಕ್‌ಗಳನ್ನಷ್ಟೇ, ಅಂದರೆ 2 ಜಿಬಿ ಒಳಗೆ, ಇಳಿಸಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ನೀಲಿ ಪೋರ್ಟ್‌ಗೇ ಹಾಕಿ. ಮುಂದಿನವಕ್ಕೆ ಕ್ಯಾಬಿನೆಟ್ ಒಳಗೆ ಸಣ್ಣ ವೈರ್ ಎಳೆದಿರುತ್ತಾರೆ, ಕರೆಂಟ್ ಸಾಲದೆ ಡ್ರೈವ್ ನಡುವೆ ಮಾಯವಾಗುವುದನ್ನು ರಿಪೇರಿಗೆ ಬಂದ ಎಷ್ಟೋ ಡಬ್ಬಗಳಲ್ಲಿ ನೋಡಿದ್ದೇನೆ. ಮತ್ತೆ, ಕಾಲೇಜಿನ ಲ್ಯಾಬ್ ಕಂಪ್ಯೂಟರ್‌ಗೆ ಮಾತ್ರ ಕೇಳದೆ ಸಿಕ್ಕಿಸಬೇಡಿ. ಸಿಸ್ಟಮ್ ಅಡ್ಮಿನ್ ಬಂದು ಹಿಡಿದರೆ ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ನಮ್ಮ ಕಡೆ ಮಳೆ ಶುರುವಾದರೆ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಯುಪಿಎಸ್ ಇದ್ದರೂ ಬ್ಯಾಟರಿ ಇಳಿದು ಕಂಪ್ಯೂಟರ್ ಆಫ್ ಆಯಿತು. ಈಗ ನೋಡ್ ತೆರೆದರೆ ಬ್ಲಾಕ್ ಡೇಟಾಬೇಸ್ ಕೆಟ್ಟಿದೆ, ಮತ್ತೆ ಕಟ್ಟಲಾ ಎಂದು ಕೇಳುತ್ತಿದೆ. ಎಲ್ಲ ಮೊದಲಿನಿಂದ ಇಳಿಸಬೇಕಾ? ಡ್ರೈವ್ ಎಸ್‌ಎಸ್‌ಡಿಯೇ. ಫಾರ್ಮ್ಯಾಟ್, ಅಂದರೆ ಡ್ರೈವ್‌ನಲ್ಲಿ ಫೈಲು ಜೋಡಿಸುವ ರೀತಿ, ಎಕ್ಸ್‌ಫ್ಯಾಟ್.
ಉಪನ್ಯಾಸಕಿ, ಶಿರಸಿ

ಉತ್ತರ: ಗಾಬರಿ ಬೇಡ ಮೇಡಂ, ಇಳಿಸಿದ್ದು ಎಲ್ಲೂ ಹೋಗಿಲ್ಲ. ‘ಬ್ಲಾಕ್ಸ್’ ಫೋಲ್ಡರ್ ತೆರೆದು ನೋಡಿ. ‘ಬಿಎಲ್‌ಕೆ’ ಎಂದು ಶುರುವಾಗುವ, ತಲಾ 128 ಎಂಬಿಯ ಫೈಲುಗಳು ಸಾಲಾಗಿ ಇರುತ್ತವೆ. ಸಾಮಾನ್ಯವಾಗಿ ಕೆಡುವುದು ಅವಲ್ಲ, ಚೈನ್‌ಸ್ಟೇಟ್ ಪಟ್ಟಿ. ಅದು ಸದಾ ತಿದ್ದಾಗುತ್ತಲೇ ಇರುತ್ತದೆ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಅರ್ಧ ಹಳತು, ಅರ್ಧ ಹೊಸತಾಗಿ ನಿಲ್ಲುತ್ತದೆ.

ಮೊದಲು ನೋಡ್ ಮುಚ್ಚಿ, ವಿಂಡೋಸ್‌ನ ಎರರ್ ಚೆಕಿಂಗ್ ಓಡಿಸಿ ಡ್ರೈವ್ ಗಟ್ಟಿಯಾಗಿದೆಯಾ ನೋಡಿ. ಆಮೇಲೆ ‘ರೀಇಂಡೆಕ್ಸ್-ಚೈನ್‌ಸ್ಟೇಟ್’ ಎಂಬ ಆಯ್ಕೆ ಕೊಟ್ಟು ಪ್ರೋಗ್ರಾಂ ಶುರುಮಾಡಿ. ಇದ್ದ ಬ್ಲಾಕ್‌ಗಳನ್ನೇ ಓದಿ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಅದೂ ಆಗದಿದ್ದರೆ ಪೂರ್ತಿ ‘ರೀಇಂಡೆಕ್ಸ್’. ಎರಡಕ್ಕೂ ಹಳೇ ಬ್ಲಾಕ್‌ಗಳನ್ನು ಮತ್ತೆ ಇಳಿಸಬೇಕಿಲ್ಲ, ಹೊತ್ತು ಮಾತ್ರ ಹಿಡಿಯುತ್ತದೆ. ಪ್ರೂನ್ ಮಾಡಿದವರಿಗೆ ಈ ಅದೃಷ್ಟ ಇಲ್ಲ. ಅವರು ಮೊದಲಿನಿಂದಲೇ ಇಳಿಸಬೇಕು.

ಇದೆಲ್ಲ ಸರಿಹೋದ ಮೇಲೆ ಎಕ್ಸ್‌ಫ್ಯಾಟ್ ಬಿಡಿ. ಅದಕ್ಕೆ ಜರ್ನಲ್ ಇಲ್ಲ. ಅಂದರೆ, ಏನು ಬರೆಯಲು ಹೊರಟಿದ್ದೆ ಎಂಬ ಗುರುತನ್ನು ಮೊದಲೇ ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲ. ಕ್ಯಾಮೆರಾ ಕಾರ್ಡ್‌ಗೆ ಪರವಾಗಿಲ್ಲ, ಹಗಲು ರಾತ್ರಿ ಬರೆಯುವ ಡೇಟಾಬೇಸ್‌ಗೆ ಅಲ್ಲ. ವಿಂಡೋಸ್ ಮಾತ್ರ ಬಳಸುವವರಾದರೆ ಎನ್‌ಟಿಎಫ್‌ಎಸ್, ಲಿನಕ್ಸ್ ಆದರೆ ಎಕ್ಸ್ಟ್4. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮೊದಲು ಬೇರೆ ಡ್ರೈವ್‌ಗೆ ನಕಲು ಮಾಡಿಕೊಳ್ಳಿ.

ಮುಚ್ಚುವ ರೀತಿಯ ಬಗ್ಗೆ ಒಂದು ಮಾತು. ಕಿಟಕಿಯ ಮೂಲೆಯ ಇಂಟು ಗುರುತು ಒತ್ತಿದ ಕೂಡಲೇ ನೋಡ್ ನಿಲ್ಲುವುದಿಲ್ಲ. ಸಣ್ಣದೊಂದು ಕಿಟಕಿ ಬಂದು, ನಾನು ಮಾಯವಾಗುವವರೆಗೆ ಕಂಪ್ಯೂಟರ್ ಆಫ್ ಮಾಡಬೇಡಿ ಎನ್ನುತ್ತದೆ. ರ‍್ಯಾಮ್‌ನಲ್ಲಿದ್ದ ಪಟ್ಟಿಯನ್ನು ಡಿಸ್ಕ್‌ಗೆ ಇಳಿಸುವ ಹೊತ್ತು ಅದು. ಕೆಲವು ಸೆಕೆಂಡ್ ಇರಬಹುದು, ಪಟ್ಟಿಗೆ ರ‍್ಯಾಮ್ ಜಾಸ್ತಿ ಕೊಟ್ಟಿದ್ದರೆ ಕೆಲವು ನಿಮಿಷವೂ ಆಗಬಹುದು. ಬಸ್ಸಿಗೆ ಹೊತ್ತಾಯಿತು ಎಂದು ಕೇಬಲ್ ಕೀಳುವವರು ಕೀಳುವುದು ಇದೇ ಹೊತ್ತಿನಲ್ಲಿ. ಆ ಕಿಟಕಿ ಹೋಗಲಿ, ಆಮೇಲೆ ‘ಇಜೆಕ್ಟ್’ ಒತ್ತಿ, ಡ್ರೈವ್‌ನ ದೀಪ ನಿಂತ ಮೇಲೆ ಕೇಬಲ್ ಮುಟ್ಟಿ. ಮಳೆಗಾಲ ಮುಗಿಯುವ ತನಕ ನೋಡ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದೇ ವಾಸಿ. ಅದರ ಬ್ಯಾಟರಿ ಇಳಿಯುತ್ತಾ ಬಂದರೆ ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ಗೆಳೆಯನ ಹತ್ತಿರ ಪೂರ್ತಿ ಆಗಿರುವ ನೋಡ್ ಇದೆ. ಡ್ರೈವ್ ಕೊಡು, ಕಾಪಿ ಮಾಡಿ ಕೊಡ್ತೀನಿ ಅಂತಾನೆ. ನಡೆಯುತ್ತಾ?
ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಉತ್ತರ: ನಡೆಯುತ್ತದೆ. ವಿಂಡೋಸ್‌ನಿಂದ ಲಿನಕ್ಸ್‌ಗೆ ತಂದರೂ ನಡೆಯುತ್ತದೆ. ಅವರ ನೋಡ್ ಪೂರ್ತಿ ಮುಚ್ಚಿದ ಮೇಲೆ ‘ಬ್ಲಾಕ್ಸ್’, ‘ಚೈನ್‌ಸ್ಟೇಟ್’ ಎರಡನ್ನೂ ತರಬೇಕು. ಆದರೆ ಚೈನ್‌ಸ್ಟೇಟ್ ತಂದಿರಿ ಎಂದರೆ, ಯಾರ ಹತ್ತಿರ ಎಷ್ಟು ನಾಣ್ಯ ಇದೆ ಎಂಬ ಲೆಕ್ಕವನ್ನು ಗೆಳೆಯರ ಮಾತಿನ ಮೇಲೆ ಒಪ್ಪಿಕೊಂಡಿರಿ ಎಂದೇ ಅರ್ಥ. ನಿಮ್ಮ ನೋಡ್ ಅದನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕುವುದಿಲ್ಲ. ಯಾರನ್ನೂ ನಂಬಬೇಕಾಗಿಲ್ಲ ಅಂತಲೇ ಅಲ್ವಾ ನಾವು ನೋಡ್ ಓಡಿಸುವುದು?

‘ಬ್ಲಾಕ್ಸ್’ ಮಾತ್ರ ತಂದು ರೀಇಂಡೆಕ್ಸ್ ಕೊಡಿ. ಡೌನ್‌ಲೋಡ್ ಉಳಿಯುತ್ತದೆ, ಲೆಕ್ಕ ನಿಮ್ಮದೇ ಕಂಪ್ಯೂಟರ್ ಮಾಡುತ್ತದೆ. ಗೆಳೆಯರು ಒಂದು ಬ್ಲಾಕ್ ತಿದ್ದಿದ್ದರೂ ಸಿಕ್ಕಿಬೀಳುತ್ತಾರೆ. ಆ ಫೋಲ್ಡರ್‌ನಲ್ಲಿ ‘ಎಕ್ಸ್‌ಒಆರ್ ಡಾಟ್ ಡ್ಯಾಟ್’ ಎಂಬ ಪುಟಾಣಿ ಫೈಲ್ ಇದ್ದರೆ ಬಿಡದೆ ತನ್ನಿ. ವರ್ಷನ್ 28ರಿಂದ ಹೊಸದಾಗಿ ಶುರುಮಾಡಿದ ನೋಡ್‌ಗಳು ಬ್ಲಾಕ್‌ಗಳನ್ನು ಅದರಲ್ಲಿರುವ ಕೀಲಿಯಿಂದ ಕಲೆಸಿ ಬರೆಯುತ್ತವೆ. ಕೀಲಿ ಇಲ್ಲದೆ ನೂರಾರು ಜಿಬಿ ಬರೀ ಕಸ. ಹೀಗೆ ಕಲೆಸುವುದಕ್ಕೆ ಒಂದು ಕಾರಣ ಆಂಟಿವೈರಸ್. 2014ರಲ್ಲಿ ಯಾರೋ ಹಳೇ ‘ಸ್ಟೋನ್ಡ್’ ವೈರಸ್‌ನ ಗುರುತನ್ನು ಬ್ಲಾಕ್‌ಚೈನ್ ಒಳಗೆ ಬರೆದುಬಿಟ್ಟರು. ಅಪಾಯ ಏನೂ ಇರಲಿಲ್ಲ, ಆದರೆ ಆಂಟಿವೈರಸ್ ಬ್ಲಾಕ್ ಫೈಲುಗಳ ಮೇಲೇ ಬೀಳತೊಡಗಿತು. ಇವತ್ತಿಗೂ ಆ ಫೋಲ್ಡರ್ ಅನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡುವುದು ಒಳ್ಳೆಯದು, ವೇಗವೂ ಸಿಗುತ್ತದೆ.

ಗೆಳೆಯರ ‘ವ್ಯಾಲೆಟ್ಸ್’ ಫೋಲ್ಡರ್ ತಪ್ಪಿ ನಿಮ್ಮ ಡ್ರೈವ್‌ಗೆ ಬರದ ಹಾಗೆ ಅವರಿಗೇ ಹೇಳಿ. ನಿಮ್ಮದೂ ಅಷ್ಟೇ. ಜೇಬಿನಲ್ಲಿ ಓಡಾಡುವ ಡ್ರೈವ್‌ನಲ್ಲಿ ನಾಣ್ಯದ ಕೀಲಿ ಇಡಬೇಡಿ. ಪಾಸ್‌ವರ್ಡ್ ಹಾಕಿದರೂ ಗುಟ್ಟಾಗುವುದು ಕೀಲಿ ಮಾತ್ರ. ನಿಮ್ಮ ಬಿಟ್‌ಕಾಯಿನ್ ವಿಳಾಸಗಳು, ಯಾವಾಗ ಎಷ್ಟು ಬಂತು ಎಂಬುದು, ಡ್ರೈವ್ ಸಿಕ್ಕವರಿಗೆಲ್ಲ ಕಾಣುತ್ತದೆ.

ಪ್ರಶ್ನೆ: ನೋಡ್ ಹಾಕಿದರೆ ತಿಂಗಳಿಗೆ ಇಷ್ಟು ದುಡ್ಡು ಎಂದು ವಾಟ್ಸಾಪ್‌ನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಡ್ರೈವ್ ಅವರೇ ಕಳಿಸುತ್ತಾರಂತೆ, ಮುಂಗಡ ಕೊಡಬೇಕಂತೆ. ನಮ್ಮ ದೇಶದಲ್ಲಿ ಇದು ಕಾನೂನಿಗೆ ಸರಿಯೇ?
ಬಟ್ಟೆ ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಕೊಡಬೇಡಿ ಸ್ವಾಮಿ. ಬಿಟ್‌ಕಾಯಿನ್ ನೋಡ್‌ಗೆ ಯಾರೂ ಒಂದು ಪೈಸೆ ಕೊಡುವುದಿಲ್ಲ. ದುಡ್ಡು ಹುಟ್ಟುವುದು ಮೈನಿಂಗ್‌ನಲ್ಲಿ, ಅಂದರೆ ಹೊಸ ಬ್ಲಾಕ್ ಕಟ್ಟುವ ಕೆಲಸದಲ್ಲಿ. 2024ರ ಏಪ್ರಿಲ್‌ನಿಂದ ಒಂದು ಬ್ಲಾಕ್‌ಗೆ 3.125 ಬಿಟ್‌ಕಾಯಿನ್. ಅದಕ್ಕೆ ಬೇರೆಯೇ ಯಂತ್ರ, ರಾಶಿ ಕರೆಂಟ್ ಬೇಕು. ನನ್ನ ಅಂಗಡಿಯ ನೋಡ್‌ನಿಂದ ನನಗೆ ಬಂದಿದ್ದು ಕರೆಂಟ್ ಬಿಲ್ ಒಂದೇ. ನಾನು ಅದನ್ನು ಇಟ್ಟುಕೊಂಡಿರುವುದು, ನನ್ನ ವ್ಯಾಲೆಟ್ ಬೇರೆಯವರ ಸರ್ವರ್ ಕೇಳಿ ನನ್ನ ವಿಳಾಸಗಳನ್ನೆಲ್ಲ ಅವರಿಗೆ ತೋರಿಸುವುದು ಬೇಡ ಎಂದು.

ಕಾನೂನಿನ ಮಟ್ಟಿಗೆ, ಬಿಟ್‌ಕಾಯಿನ್‌ನಂಥ ನಾಣ್ಯಗಳ ವ್ಯವಹಾರಕ್ಕೆ ಸೇವೆ ಕೊಡದಂತೆ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ತಡೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೆಗೆದುಹಾಕಿತು. 2022ರ ಏಪ್ರಿಲ್‌ನಿಂದ ಮಾರಿ ಬಂದ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಅದೇ ಜುಲೈನಿಂದ ವಹಿವಾಟಿಗೆ 1 ಪರ್ಸೆಂಟ್ ಟಿಡಿಎಸ್ ಬಂತು. ನೋಡ್ ಓಡಿಸುವುದೆಂದರೆ ಕೊಳ್ಳುವುದೂ ಅಲ್ಲ, ಮಾರುವುದೂ ಅಲ್ಲ. ನಿಮ್ಮ ಹತ್ತಿರ ನಾಣ್ಯ ಇದ್ದರೆ ಆ ಲೆಕ್ಕವನ್ನು ನಿಮ್ಮ ಆಡಿಟರ್ ಹತ್ತಿರವೇ ಮಾತಾಡಿ.

ಇನ್ನು ಅವರು ಕಳಿಸುವ ಡ್ರೈವ್. ಪುಕ್ಕಟೆ ಬಂದರೂ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್‌ಗೆ ಸಿಕ್ಕಿಸಬೇಡಿ. ಅದರೊಳಗಿನ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಅವರಿಗಷ್ಟೇ ಗೊತ್ತು. ಮುಂಗಡ ಈಗಾಗಲೇ ಕೊಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು. ವಾಟ್ಸಾಪ್ ಮಾತುಕತೆ, ಯುಪಿಐ ರಸೀದಿ ಎರಡನ್ನೂ ಅಳಿಸಬೇಡಿ, ದೂರಿಗೆ ಬೇಕಾಗುತ್ತದೆ.