ಕಿಟಕಿ ಕೈತೋಟ: ಮೊದಲು ಬಿಸಿಲು ನೋಡಿ, ಬೀಜ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯೊಳಗೆ ಸೊಪ್ಪು ಬೆಳೆಯೋದರ ಬಗ್ಗೆಯೇ ಇವೆ. ಅಂಗಳ ಇಲ್ಲದವರು, ತಾರಸಿ ಓನರ್ ಕೈಯಲ್ಲಿರುವವರು, ತಾರಸಿ ಇದ್ದರೂ ಕೋತಿಗಳ ಕಾಟಕ್ಕೆ ಸೋತವರು. ಹೊಸಬರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎರಡನೇ ಮಹಡಿಯ ಬಾಡಿಗೆ ಮನೆ, ಬಾಲ್ಕನಿ ಇಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಕೊತ್ತಂಬರಿ ಹಾಕಿದ್ದೆ. ಮೊಳಕೆ ಚೆನ್ನಾಗಿ ಬಂತು. ಆಮೇಲೆ ದಾರದ ಹಾಗೆ ಉದ್ದ ಬೆಳೆದು ಮಲಗಿಬಿಟ್ಟಿತು. ಗೊಬ್ಬರ ಸಾಲದಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಗೊಬ್ಬರ ಇರಲಿ, ಬೆಳಕು ಸಾಲದು. ಬೆಳಕು ಹುಡುಕಿಕೊಂಡು ಗಿಡ ಕತ್ತು ಚಾಚಿದೆ, ಕಾಂಡದಲ್ಲಿ ಬಲ ಇಲ್ಲದೆ ಬಿದ್ದಿದೆ. ಈಗ ಗೊಬ್ಬರ ಹಾಕಿದರೆ ಇನ್ನೂ ಬೇಗ ಬೀಳುತ್ತದೆ, ಅಷ್ಟೇ.

"ನಮ್ಮ ಅಡುಗೆಮನೆಯಲ್ಲಿ ಬೇಕಾದಷ್ಟು ಬೆಳಕಿದೆ" ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ಕಣ್ಣನ್ನು ನಂಬಬೇಡಿ. ಬೆಳಕು ಕಡಿಮೆಯಾದರೆ ಅದು ತಾನೇ ಹೊಂದಿಕೊಂಡುಬಿಡುತ್ತದೆ. ಮಟಮಟ ಮಧ್ಯಾಹ್ನ ಬಯಲಲ್ಲಿ 1,00,000 ಲಕ್ಸ್ (ಬೆಳಕು ಅಳೆಯುವ ಮಾನ) ಹತ್ತಿರ ಬೆಳಕಿರುತ್ತದೆ. ಆರಾಮಾಗಿ ಪೇಪರ್ ಓದುವ ಹಾಲಿನಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ನಮಗೆ ಅದು ಧಾರಾಳ, ಕೊತ್ತಂಬರಿಗೆ ಉಪವಾಸ.

ಅಳೆಯೋಕೆ ಮೀಟರ್ ಬೇಡ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕುಂಡ ಇಡುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಡಿ. ಒಂದು ಅಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಕಂಡರೆ ಯಾವ ಸೊಪ್ಪು ಬೇಕಾದರೂ ಹಾಕಿ. ಕೈಯ ಆಕಾರ ಮಾತ್ರ ಮಸುಕಾಗಿ ಕಂಡರೆ ಪುದೀನ, ದೊಡ್ಡಪತ್ರೆ. ನೆರಳೇ ಬೀಳದಿದ್ದರೆ ಅಲ್ಲಿ ಉಪ್ಪಿನಕಾಯಿ ಜಾಡಿ ಇಡಿ. ಪೂರ್ವದ ಕಿಟಕಿಗೆ ಹನ್ನೆರಡಕ್ಕೆ ಬಿಸಿಲು ಹೋಗಿಬಿಟ್ಟಿರುತ್ತದೆ, ಅಲ್ಲಿ ಬೆಳಗ್ಗೆ ಒಂಬತ್ತಕ್ಕೆ ಒಮ್ಮೆ ನೋಡಿ.

ಇನ್ನು ಕಿಟಕಿಯ ದಿಕ್ಕು. ಹೊರದೇಶದ ವಿಡಿಯೋಗಳಲ್ಲಿ "ದಕ್ಷಿಣದ ಕಿಟಕಿಯೇ ಶ್ರೇಷ್ಠ" ಅಂತಾರೆ. ಅವರ ಊರಿಗೆ ಅದು ಸರಿ. ಅಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ಇರುತ್ತಾನೆ. ಮೈಸೂರು ಇರೋದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಏಪ್ರಿಲ್ 22-23ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 20ರ ಆಸುಪಾಸಿನಲ್ಲಿ ವಾಪಸ್ ಬರುತ್ತಾನೆ. ನಡುವಿನ ನಾಲ್ಕು ತಿಂಗಳು ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇರೋದಿಲ್ಲ. ಡಿಸೆಂಬರ್‌ನಲ್ಲಿ ಅದೇ ಕಿಟಕಿಗೆ ಸಜ್ಜದ ಕೆಳಗಿನಿಂದ ಬಿಸಿಲು ನುಗ್ಗುತ್ತದೆ. ಹಾಗಾಗಿ ನಮ್ಮ ಕಡೆ ವರ್ಷಪೂರ್ತಿ ನಂಬಬಹುದಾದದ್ದು ಪೂರ್ವದ ಕಿಟಕಿ. ಬೆಳಗಿನ ಎಳೆಬಿಸಿಲು ಓರೆಯಾಗಿ ಒಳಗೆ ಬರುತ್ತದೆ, ಎಲೆ ಸುಡೋದಿಲ್ಲ. ಪಶ್ಚಿಮದ್ದೂ ಆಗುತ್ತದೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಮೂರು ಗಂಟೆ ಮೇಲೆ ತೆಳ್ಳಗೊಂದು ಪರದೆ ಎಳೆಯಿರಿ. ಯಾವ ದಿಕ್ಕಾದರೂ ಕುಂಡವನ್ನು ಕಿಟಕಿ ಸರಳಿಗೆ ತಾಗಿಸಿಯೇ ಇಡಿ. ಎರಡು ಅಡಿ ಹಿಂದೆ ಸರಿದರೂ ಬೆಳಕು ತುಂಬಾ ಕಡಿಮೆಯಾಗುತ್ತದೆ.

ಯಾವ ಕಿಟಕಿಯೂ ಪಾಸಾಗಲಿಲ್ಲವಾ? ಮಾಮೂಲಿ 20 ವಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ ತನ್ನಿ. ಗಿಡದ ತುದಿಯಿಂದ ಆರೆಂಟು ಇಂಚು ಮೇಲೆ ತೂಗುಹಾಕಿ, ದಿನಕ್ಕೆ 14 ಗಂಟೆ ಉರಿಸಿ. ದಿನಕ್ಕೆ ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ತಿಂಗಳಿಗೆ ಎಂಟೂವರೆ ಯೂನಿಟ್ ಆಗುತ್ತದೆ. ಸೊಪ್ಪಿಗೆ ನೇರಳೆ ಬಣ್ಣದ ದುಬಾರಿ ಲೈಟ್ ಬೇಕಿಲ್ಲ. ಆ ಬೆಳಕಲ್ಲಿ ಎಲೆ ಹಳದಿಯಾಗಿದೆಯೋ ಹಸಿರಾಗಿದೆಯೋ ಅನ್ನೋದೂ ಗೊತ್ತಾಗೋದಿಲ್ಲ. ನನ್ನ ಸರಸ್ವತಿಪುರಂ ಮನೆಯ ಪಕ್ಕ ನಾಲ್ಕು ಮಹಡಿ ಎದ್ದು ನಿಂತ ಮೇಲೆ ನಮ್ಮ ಕೊತ್ತಂಬರಿ ಫ್ರಿಜ್ ಮೇಲೆ ಟ್ಯೂಬ್‌ಲೈಟ್ ಅಡಿಯಲ್ಲೇ ಬೆಳೆಯೋದು. ರುಚಿಗೇನೂ ಮೋಸ ಇಲ್ಲ.

ಪ್ರಶ್ನೆ: ನನಗೆ ಕೊತ್ತಂಬರಿ ಮೊಳಕೆಯೇ ಬರೋದಿಲ್ಲ. ಅಂಗಡಿಯ ಧನಿಯಾ ಹಾಕಬಹುದಾ?
— ಓದುಗರು, ಮದ್ದೂರು

ಉತ್ತರ: ಹಾಕಬಹುದು, ಹೊಸದಾಗಿದ್ದರೆ. ಅಂಗೈಯಲ್ಲಿ ಉಜ್ಜಿ ಮೂಸಿ. ಘಂ ಅನ್ನದಿದ್ದರೆ ಅದು ಸಾರಿನ ಪುಡಿಗೇ ಇರಲಿ.

ನೀವು ಬೀಜ ಅಂದುಕೊಂಡಿರೋದು ನಿಜವಾಗಿ ಕಾಯಿ. ಒಳಗೆ ಎರಡು ಬೀಜ ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ. ಬಟ್ಟೆಯ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ. ಎರಡು ಹೋಳಾಗಬೇಕು, ನುಚ್ಚಾಗಬಾರದು. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಅರ್ಧ ಇಂಚು ಆಳಕ್ಕೆ ಹಾಕಿ. ಎಂಟು ಹತ್ತು ದಿನ ತಾಳ್ಮೆ ಬೇಕು. ಆರನೇ ದಿನವೇ ಮಣ್ಣು ಕೆದಕಿ ನೋಡುವವರು ಇದ್ದಾರೆ, ದಯವಿಟ್ಟು ಬೇಡ. ಸಸಿ ಕಿತ್ತು ಬೇರೆ ಕಡೆ ನೆಡೋದೂ ಬೇಡ, ತಾಯಿಬೇರಿಗೆ ಪೆಟ್ಟಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಗೆ ಮೊಳಕೆಯೂ ಕಮ್ಮಿ, ಬಂದದ್ದೂ ಬೇಗ ಹೂ ಬಿಡುತ್ತದೆ. ಆಗಸ್ಟ್ ಕಳೆದ ಮೇಲೆ ಶುರುಮಾಡಿ.

ಅಲ್ಲೀವರೆಗೆ ಮೆಂತ್ಯ ಹಾಕಿ. ಹೊಸಬರಿಗೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ರಾತ್ರಿ ನೆನೆಸಿ ಒತ್ತೊತ್ತಾಗಿ ಚೆಲ್ಲಿದರೆ ಮೂರನೇ ದಿನ ತಲೆ ಎತ್ತುತ್ತದೆ. ಬೆಳಕು ಚೆನ್ನಾಗಿದ್ದರೆ ಮೂರ್ನಾಲ್ಕು ವಾರ ಬಿಡಿ. ಕಡಿಮೆಯಿದ್ದರೆ ಎರಡು ವಾರಕ್ಕೇ ಎಳೆಯದಾಗಿ ಕತ್ತರಿಸಿ ಚಪಾತಿ ಹಿಟ್ಟಿಗೆ ಕಲಸಿ.

ಪ್ರಶ್ನೆ: ಹಳ್ಳಿಯ ಹೆಂಚಿನ ಮನೆ ನಮ್ಮದು. ನಡುಮನೆಯಲ್ಲಿ ಒಂದು ಗಾಜಿನ ಹೆಂಚಿನಿಂದ ಮಾತ್ರ ಬೆಳಕು. ಹೊರಗೆ ಇಟ್ಟರೆ ಕೋಳಿ, ಮೇಕೆ ಬಿಡೋದಿಲ್ಲ. ಏನು ಬೆಳೆಯಬಹುದು? ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿ) ಹಾಕಬಹುದಾ?
— ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ಗಾಜಿನ ಹೆಂಚಿನ ಬೆಳಕು ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲಕ್ಕೆ ಬಿದ್ದು, ಹೊತ್ತು ಏರಿದಂತೆ ಗೋಡೆ ಕಡೆ ಸರಿದು ಹೋಗುತ್ತೆ, ಅಲ್ವಾ? ಅದರ ಹಿಂದೆ ಕುಂಡ ಹೊತ್ತುಕೊಂಡು ನೀವು ಸುತ್ತೋಕಾಗೋದಿಲ್ಲ.

ಅಲ್ಲಿ ಬೆಳ್ಳುಳ್ಳಿ, ಈರುಳ್ಳಿ ಹಾಕಿ, ಗಡ್ಡೆಗಲ್ಲ, ಸೊಪ್ಪಿಗೆ. ಅವು ಊಟದ ಬುತ್ತಿಯನ್ನು ಗಡ್ಡೆಯಲ್ಲೇ ಕಟ್ಟಿಕೊಂಡು ಬಂದಿರುತ್ತವೆ, ಹಾಗಾಗಿ ಮೊದಲ ಕೆಲವು ವಾರ ಬೆಳಕು ಕಡಿಮೆಯಾದರೂ ನಡೆಯುತ್ತದೆ. ಮೊಳಕೆ ಇಣುಕುತ್ತಿರುವ ಎಸಳುಗಳನ್ನು ಚೂಪು ತುದಿ ಮೇಲೆ ಮಾಡಿ ಊರಿ. ಗರಿ ಒಂದು ಗೇಣು ಬಂದಾಗ ಕತ್ತರಿಸಿ ಉಪ್ಪಿಟ್ಟಿಗೋ ಅಕ್ಕಿರೊಟ್ಟಿಗೋ ಹಾಕಿ. ಎರಡು ಕೊಯ್ಲು ಬರುತ್ತದೆ. ಮೂರನೆಯದು ಸಪ್ಪೆ, ಆಗ ಹೊಸ ಎಸಳು ಹಾಕಿ.

ಪ್ರೆಸ್‌ಮಡ್ ಒಳ್ಳೆಯದೇ, ಆದರೆ ತಿಂಗಳುಗಟ್ಟಲೆ ಕೊಳೆತು ತಣ್ಣಗಾಗಿ, ಮಣ್ಣಿನ ವಾಸನೆ ಬಂದಿರಬೇಕು. ಹಸಿಯದ್ದು ಕೊಳೆಯುವಾಗ ಬಿಸಿಯಾಗಿ ಬೇರು ಸುಡುತ್ತದೆ. ಮನೆಯೊಳಗೆ ನಾತ ಬೇರೆ. ನಿಮ್ಮ ಕೆಂಪು ಮಣ್ಣೊಂದನ್ನೇ ಕುಂಡಕ್ಕೆ ತುಂಬಬೇಡಿ, ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿಯಾಗುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಸಮ ಸಾಕು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದು, ನೀರಲ್ಲಿ ನೆನೆಸಿ ಎರಡು ಮೂರು ಸಲ ಹಿಂಡಿ ಬಳಸಿ. ಬೇವಿನ ಹಿಂಡಿ, ಸಗಣಿ-ಗಂಜಲದ ಜೀವಾಮೃತ ಹೊಲಕ್ಕೇ ಇರಲಿ. ಮನೆಯೊಳಗೆ ಹಾಕಿದರೆ ಮೊದಲು ಹೊರಗೆ ಹೋಗೋದು ಹುಳ ಅಲ್ಲ, ನೆಂಟರು.

ಪ್ರಶ್ನೆ: ಪುದೀನ ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರುತ್ತವೆ. ಅಕ್ಕಿ ತೊಳೆದ ನೀರು, ಟೀ ಚರಟ ಬಿಟ್ಟರೆ ಬೇರೇನೂ ಹಾಕಿಲ್ಲ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ನೀವು ಅವಕ್ಕೆ ದಿನಾ ಊಟ ಬಡಿಸುತ್ತಿದ್ದೀರಿ! ಇದು ಫಂಗಸ್ ನ್ಯಾಟ್. ಒದ್ದೆ ಮಣ್ಣಿನ ಮೇಲ್ಪದರದಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಬೂಷ್ಟು, ಕೊಳೆತದ್ದು, ಆಮೇಲೆ ಎಳೆ ಬೇರನ್ನೂ ತಿನ್ನುತ್ತವೆ. ಅಕ್ಕಿ ತೊಳೆದ ನೀರು, ಚರಟ ಎರಡೂ ಬೂಷ್ಟಿಗೆ ಮೃಷ್ಟಾನ್ನ.

ಅನುಮಾನವಿದ್ದರೆ ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲೆ ಒತ್ತಿಡಿ. ಎರಡು ದಿನ ಬಿಟ್ಟು ಮಗುಚಿ ನೋಡಿ. ಕೂದಲೆಳೆಯಷ್ಟು ಸಣ್ಣ, ಗಾಜಿನ ಹಾಗೆ ಪಾರದರ್ಶಕವಾದ ಹುಳ, ತಲೆ ಮಾತ್ರ ಕಪ್ಪು ಚುಕ್ಕೆ. ಬಿಲ್ಲೆಯ ಸಮೇತ ಎಸೆದು ಹೊಸದು ಇಡಿ. ಬೆರಳು ಅರ್ಧ ಇಂಚು ಊರಿದಾಗ ಒಣಗಿದೆ ಅನ್ನಿಸೋವರೆಗೆ ನೀರು ಬೇಡ. ಪುದೀನಕ್ಕೆ ನೀರು ಇಷ್ಟ ನಿಜ, ಆದರೆ ಈ ಸ್ವಲ್ಪ ಬಾಯಾರಿಕೆಗೆ ಅದು ಸಾಯೋದಿಲ್ಲ. ಮೇಲೆ ಅರ್ಧ ಇಂಚು ಮರಳು ಹರಡಿ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಪಕ್ಕದಲ್ಲಿ ನಿಲ್ಲಿಸಿ, ಬೆಳೆದು ಹಾರುವ ನೊಣಗಳು ಅಂಟಿಕೊಳ್ಳುತ್ತವೆ. ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ ಹಿಡಿಯುವುದರಿಂದ ಒಂದು ತಿಂಗಳು ಬಿಡದೆ ಮಾಡಿ.

ಹಾಗೆಯೇ ಕುಂಡದ ಕೆಳಗಿನ ತಟ್ಟೆಯ ನೀರನ್ನು ಚೆಲ್ಲುತ್ತಿರಿ. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರು, ಒಂದು ವಾರ, ಧಾರಾಳ ಸಾಕು.

ಪ್ರಶ್ನೆ: ಮನೆಯೊಳಗೆ ಟೊಮೆಟೊ, ದಪ್ಪ ಮೆಣಸಿನಕಾಯಿ ಬೆಳೆಯುವುದು ಹೇಗೆ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಬೇಡ. ಕಾಯಿ ಬಿಡುವ ಗಿಡಕ್ಕೆ ಕಡಿಮೆಯೆಂದರೂ ಆರು ಗಂಟೆ ನೇರ ಬಿಸಿಲು ಬೇಕು. ದೇವರಾಜ ಮಾರ್ಕೆಟ್‌ನಲ್ಲಿ ಕೊಂಡುಕೊಳ್ಳಿ. ಆ ಜಾಗದಲ್ಲಿ ದೊಡ್ಡಪತ್ರೆಯ ಒಂದು ತುಂಡು ಊರಿ, ತಂಬುಳಿಗಾದರೂ ಆಗುತ್ತದೆ.

ಪ್ರಶ್ನೆ: ರಾತ್ರಿ ಗಿಡಗಳು ಕೆಟ್ಟ ಗಾಳಿ ಬಿಡುತ್ತವೆ, ಮಲಗುವ ಕೋಣೆಯಲ್ಲಿ ಬೇಡ ಅಂತ ಅತ್ತೆ ಹೇಳುತ್ತಾರೆ. ನಿಜವಾ?
— ಓದುಗರು, ಪಾಂಡವಪುರ

ಉತ್ತರ: ಬಿಡೋದು ನಿಜ. ಆದರೆ ನಾಲ್ಕು ಕುಂಡ ಬಿಡುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇಂಗಾಲದ ಡೈಆಕ್ಸೈಡ್ ಪಕ್ಕದಲ್ಲಿ ಮಲಗಿರುವವರು ಬಿಡುತ್ತಾರೆ. ಅತ್ತೆಗೆ ಇದನ್ನು ಹೇಗೆ ಹೇಳಬೇಕೋ ನಿಮಗೇ ಬಿಟ್ಟದ್ದು.

ಪ್ರಶ್ನೆ: ಮೈಸೂರು ವೀಳ್ಯದೆಲೆ ಬಳ್ಳಿ ಮನೆಯ ಹಾಲ್‌ನಲ್ಲಿ ಬದುಕುತ್ತದೆಯಾ?
— ಓದುಗರು, ಅಗ್ರಹಾರ, ಮೈಸೂರು

ಉತ್ತರ: ಎಲೆತೋಟದ ಪಕ್ಕದಲ್ಲೇ ಇದ್ದುಕೊಂಡು ನನ್ನನ್ನು ಕೇಳುತ್ತೀರಲ್ಲ! ಬದುಕುತ್ತದೆ. ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿರುವ ಬಳ್ಳಿ ಅಂತ ಹೆದರಬೇಡಿ. ತೋಟದಲ್ಲೂ ಅದು ಬೇರೆ ಮರದ ನೆರಳಲ್ಲೇ ಹಬ್ಬೋದು, ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ಮೂರು ನಾಲ್ಕು ಗಿಣ್ಣಿರುವ ತುಂಡು ಕೇಳಿ ತನ್ನಿ. ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಮಳೆಗಾಲದಲ್ಲಿ ನೆಡಿ. ಕಿಟಕಿಯ ಹತ್ತಿರ, ಆದರೆ ಬಿಸಿಲು ತಾಗದ ಕಡೆ ಇಡಿ. ನಾರು ಸುತ್ತಿದ ಕೋಲು ನಿಲ್ಲಿಸಿ, ಆ ನಾರನ್ನೂ ಆಗಾಗ ತೇವ ಮಾಡಿ. ಬಳ್ಳಿ ಗಿಣ್ಣಿನ ಬೇರಿನಿಂದ ಹಿಡಿದು ಹತ್ತುತ್ತದೆ. ನೀರು ನಿಂತರೆ ಬುಡ ಕಪ್ಪಾಗಿ ಕೊಳೆಯುತ್ತದೆ, ಕುಂಡದ ತೂತು ಮುಚ್ಚಿಲ್ಲ ಅಂತ ಮೊದಲೇ ನೋಡಿಕೊಳ್ಳಿ. ಮೊದಲ ಕೆಲವು ತಿಂಗಳು ಎಲೆ ಕೀಳಬೇಡಿ. ಊಟ ಆದಮೇಲೆ ಎಷ್ಟೇ ಆಸೆಯಾದರೂ.