ಮೊದಲು ದಾರಿ ಅಳೆಯಿರಿ, ಆಮೇಲೆ ಕೋಣೆ

ಪ್ರಶ್ನೆ: ಹೋಂಸ್ಟೇಗೆಂದು ತೋಟದ ಪಕ್ಕ ಎರಡು ರೆಡಿಮೇಡ್ ಕೋಣೆ ಕೂರಿಸಬೇಕೆಂದಿದ್ದೇವೆ. ಹುಬ್ಬಳ್ಳಿಯಲ್ಲಿ ತಯಾರಾಗಿ ಟ್ರೇಲರ್ ಮೇಲೆ ಬರುತ್ತವೆ. ಒಂದೊಂದೂ 40 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಡಾಂಬರು ರಸ್ತೆಯಿಂದ ಮನೆಗೆ ಒಂದು ಕಿಲೋಮೀಟರ್ ಮಣ್ಣುದಾರಿ. ಏನೇನು ನೋಡಿಕೊಳ್ಳಬೇಕು?
— ಓದುಗರು, ಶಿರಸಿ ತಾಲೂಕು

ಉತ್ತರ: ಮುಂಗಡ ಕೊಡುವ ಮೊದಲೇ ಆ ಒಂದು ಕಿಲೋಮೀಟರ್ ಅಳೆಯಿರಿ. ಕೋಣೆ ಹೊರಟ ಮೇಲೆ ದಾರಿ ಅಗಲ ಮಾಡಲಿಕ್ಕಾಗುವುದಿಲ್ಲ.

ಸಾಮಾನ್ಯ ಲಾರಿಯ ಅಗಲ 2.6 ಮೀಟರ್ ದಾಟುವಂತಿಲ್ಲ. ನಿಮ್ಮ 10 ಅಡಿ ಎಂದರೆ 3.05 ಮೀಟರ್, ಅಂದರೆ ಓವರ್ ಡೈಮೆನ್ಷನ್ (ಅಳತೆ ಮೀರಿದ) ಲೋಡು. ಪ್ರತ್ಯೇಕ ಅನುಮತಿ ಬೇಕು. ಇ-ವೇ ಬಿಲ್ಲಿನ (ಸರಕು ಸಾಗಣೆಯ ಜಿಎಸ್‌ಟಿ ಪತ್ರದ) ಅವಧಿಗೂ ಸಾಮಾನ್ಯ ಸರಕಿನಂತೆ 200 ಕಿ.ಮೀ.ಗೆ ಒಂದು ದಿನವೆಂಬ ಲೆಕ್ಕವಿಲ್ಲ, 20 ಕಿ.ಮೀ.ಗೆ ಒಂದು ದಿನ. ಟ್ರೇಲರ್ ಹಾಸು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಕೋಣೆಯ ನೆತ್ತಿ ನಾಲ್ಕೂವರೆ ಮೀಟರ್ ಮುಟ್ಟುತ್ತದೆ. ಜೋತುಬಿದ್ದ ಕರೆಂಟ್ ತಂತಿಯ ಕೆಳಗೆ ಇದು ಜೀವಕ್ಕೇ ಅಪಾಯ.

ನಮ್ಮ ಸಲಹೆ: 20 ಅಡಿ ಉದ್ದ, 8 ಅಡಿ ಅಗಲದ ನಾಲ್ಕು ತುಂಡು ಮಾಡಿಸಿ, ಎರಡೆರಡನ್ನು ಸ್ಥಳದಲ್ಲೇ ಬೋಲ್ಟ್ ಹಾಕಿ ಕೂಡಿಸಿ. ಜಾಗ ಸ್ವಲ್ಪ ಕಡಿಮೆಯಾದರೂ ಟ್ರೇಲರ್ ಬೇಡ, ಲಾರಿ ಸಾಕು. ಕೂಡುವ ಕಡೆ ಮಾಡಿನ ಮೇಲೆ ಶೀಟು ಹೊದಿಸಲೇಬೇಕು. ಇಲ್ಲದಿದ್ದರೆ ಶಿರಸಿಯ ಮಳೆಗೆ ಸೋರುವುದು ಖಂಡಿತ.

ದಾರಿ ಅಳೆಯಲು ಪಿಕಪ್ ಗಾಡಿಗೆ ಒಣಬಿದಿರು ನೆಟ್ಟಗೆ ಕಟ್ಟಿ, ತುದಿಯನ್ನು ಲೋಡಿನ ಎತ್ತರಕ್ಕಿಂತ ಅರ್ಧ ಅಡಿ ಮೇಲಿಟ್ಟು ನಿಧಾನ ಓಡಿಸಿ. ತಂತಿ ಹತ್ತಿರ ಬಂದಲ್ಲಿ ಮುಂದೆ ಹೋಗದೆ ಗುರುತು ಹಾಕಿಕೊಂಡು ಹೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಡಿ. ಕೊಂಬೆ ತಾಗಿದಲ್ಲಿ ಅರಣ್ಯ ಇಲಾಖೆಯನ್ನು ಕೇಳಿ. ತಿರುವಿನಲ್ಲಿ ಲಾರಿಯ ಹಿಂಚಕ್ರ ಒಳಕ್ಕೆ ಎಳೆಯುತ್ತದೆ, ಹಿಂಬಾಲ ಹೊರಕ್ಕೆ ಬೀಸುತ್ತದೆ. ಒಳಬದಿಯಲ್ಲಿ ಮೋರಿಯ ಅಂಚು, ಹೊರಬದಿಯಲ್ಲಿ ಧರೆ (ಕಡಿದ ಮಣ್ಣಿನ ಗೋಡೆ) ಇದ್ದರೆ ಎರಡೂ ಕಡೆ ಅಪಾಯ. ಅಷ್ಟೇ ಉದ್ದದ ಖಾಲಿ ಲಾರಿ ಒಮ್ಮೆ ತಂದು ನೋಡುವುದೇ ಖಾತ್ರಿಯ ದಾರಿ. ಮೋರಿ ಭಾರ ತಡೆಯುವುದೇ ಎಂದು ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಮಣ್ಣು ಗಟ್ಟಿಯಿರುವ ಫೆಬ್ರವರಿ–ಏಪ್ರಿಲ್‌ನಲ್ಲಿ ತರಿಸಿ. ಕೋಣೆ ಇಳಿಸುವ ಕ್ರೇನ್ ಕಾಲಿನಡಿ ದಪ್ಪ ಮರದ ದಿಮ್ಮಿ ಕೊಡಿ. 14 ಟನ್ ಹೈಡ್ರಾ ಕ್ರೇನ್ ಎಂದರೆ ಎಲ್ಲ ದೂರಕ್ಕೂ 14 ಟನ್ ಎತ್ತುತ್ತದೆಂದಲ್ಲ. ತೋಳು ಚಾಚಿದಷ್ಟೂ ಶಕ್ತಿ ಕುಸಿಯುತ್ತದೆ. ಎಷ್ಟು ದೂರಕ್ಕೆ ಎಷ್ಟು ಭಾರ ಎಂದು ತಿಳಿಸುವ ಲೋಡ್ ಚಾರ್ಟ್ ಕೇಳಿ ಪಡೆಯಿರಿ.

ಪ್ರಶ್ನೆ: ರೆಡಿಮೇಡ್ ಕೋಣೆ ಕೂರಿಸಿದ ಮೇಲೆ ಬಚ್ಚಲಿನ ಟೈಲ್ಸ್ ಬಿರುಕು ಬಿಟ್ಟಿದೆ, ಬಾಗಿಲು ಹಿಡಿಯುತ್ತಿದೆ. ಬರುವಾಗ ಅರಬೈಲ್ ಘಾಟಿನಲ್ಲಿ ಆದ ಕುಲುಕಾಟವೇ ಕಾರಣವೇ?
— ಓದುಗರು, ಕಾರವಾರ

ಉತ್ತರ: ಇರಬಹುದು, ಆದರೆ ಮೊದಲು ಅಡಿಪಾಯ ನೋಡಿ. ಬಾಗಿಲ ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸವಿದ್ದರೆ ಬುಡದ ಬೋಲ್ಟ್ ಸಡಿಲಿಸಿ, ತಗ್ಗಿದ ಮೂಲೆಯನ್ನು ಜಾಕ್‌ನಿಂದ ಎತ್ತಿ ಉಕ್ಕಿನ ತಗಡು ಕೊಡಿಸಿ. ಬಾಗಿಲು ಸರಾಗವಾದರೆ ದೋಷ ಅಡಿಪಾಯದ ಮಟ್ಟದ್ದು.

ಎತ್ತಿದ ರೀತಿಯನ್ನೂ ವಿಚಾರಿಸಿ. 6 ಟನ್ ಕೋಣೆಯ ಭಾರ ಎರಡೇ ಸ್ಲಿಂಗ್ (ಎತ್ತುವ ಪಟ್ಟಿ) ಮೇಲೆ ಬಿದ್ದರೆ, ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿ ಒಂದೊಂದಕ್ಕೂ ಸುಮಾರು 3.5 ಟನ್ ಎಳೆತ. ಸ್ಲಿಂಗ್ 30 ಡಿಗ್ರಿಗೆ ಮಲಗಿದರೆ ಪೂರಾ 6 ಟನ್, ಜೊತೆಗೆ ಮೇಲಿನ ಚೌಕಟ್ಟನ್ನು ಒಳಕ್ಕೆ ಅದುಮುತ್ತದೆ. ಟೈಲ್ಸ್ ಸೀಳುವುದು ಹೀಗೂ ಉಂಟು. ಮುಂದಿನ ಕೋಣೆಗೆ ಸ್ಪ್ರೆಡರ್ ಬೀಮ್ (ಸ್ಲಿಂಗ್‌ಗಳನ್ನು ಅಗಲಿಸಿ ನೆಟ್ಟಗೆ ಇಡುವ ಅಡ್ಡತೊಲೆ) ತರಿಸಿ. ಲೋಡು ಘಾಟಿ ಇಳಿದ ಸುದ್ದಿ ಬಂದ ಮೇಲೆ ಕ್ರೇನ್ ಕರೆಸಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಗಿತ್ತಲ್ಲ, ಹಾಗೇನಾದರೂ ಆದರೆ ನಿಂತ ಕ್ರೇನಿಗೆ ದಿನಬಾಡಿಗೆ ಕಟ್ಟಬೇಕಾದವರು ನೀವೇ.